ಆರು ರೊಟ್ಟಿಯಿಂದ ಎರಡಕ್ಕೆ: ಚರ್ಮದಲ್ಲಿ ಏನೇನು ಬದಲಾಗುತ್ತದೆ

ಕಲಬುರಗಿ ಕಡೆ ಕಾರ್ಬ್ (ಊಟದಲ್ಲಿನ ಪಿಷ್ಟ, ಸಕ್ಕರೆ) ಕಡಿಮೆ ಮಾಡಬೇಕು ಅಂದರೆ ಎಲ್ಲರ ಕಣ್ಣು ಮೊದಲು ಬೀಳುವುದು ಜೋಳದ ರೊಟ್ಟಿ ಮೇಲೆ. ನಾನು ಅದನ್ನು ಕೊನೆಗೆ ಇಟ್ಟುಕೊಂಡೆ. ಮೊದಲ ಎರಡು ವಾರ ಸಕ್ಕರೆ ಚಹಾ, ಬಿಸ್ಕಿಟ್, ಬ್ರೆಡ್, ಮಿರ್ಚಿ ಜೊತೆಗಿನ ಸುಸಲಾ (ಚುರುಮುರಿ ಒಗ್ಗರಣೆ) ಹೋಗಬೇಕು. ಮುಂದಿನ ಎರಡು ವಾರ ಅನ್ನ. ಆಮೇಲೆ ರೊಟ್ಟಿ, ಅದೂ ಪೂರ್ತಿ ಅಲ್ಲ. ಮೊಡವೆ, ಕಪ್ಪು ಕತ್ತು ಸುಧಾರಿಸಲು ದಿನಕ್ಕೆ 120–130 ಗ್ರಾಂ ಕಾರ್ಬಿಗೆ ಇಳಿದರೆ ಬಹಳಷ್ಟು ಸಲ ಸಾಕಾಗುತ್ತದೆ. ಒಮ್ಮೆಲೇ 20–50 ಗ್ರಾಂಗೆ ಧುಮುಕಿದವರಲ್ಲೇ ತುರಿಕೆ, ಕೂದಲು ಉದುರುವ ತಾಪತ್ರಯ ಹೆಚ್ಚು.

ಲೆಕ್ಕ ಹೀಗಿದೆ. ಸಾಧಾರಣ ದೊಡ್ಡ ರೊಟ್ಟಿಗೆ 50ರಿಂದ 60 ಗ್ರಾಂ ಹಿಟ್ಟು ಹಿಡಿಯುತ್ತದೆ, ಅದರಲ್ಲಿ ಕಾರ್ಬ್ 35ರಿಂದ 40 ಗ್ರಾಂ. ಅನ್ನ ಒಂದು ಬಟ್ಟಲು, ಅಂದರೆ 150 ಗ್ರಾಂ, 40ಕ್ಕೂ ಮೇಲೆ. ಚಹಾಕ್ಕೆ ಎರಡು ಚಮಚ ಸಕ್ಕರೆ ಹಾಕಿದರೆ 8–10 ಗ್ರಾಂ. ನಾಲ್ಕು ಸಲ ಕುಡಿಯುವವರು ಚಹಾದಲ್ಲೇ ಒಂದು ರೊಟ್ಟಿ ಕುಡಿದಂತಾಯಿತು. ಚುರುಮುರಿ ಹೊಟ್ಟೆಗೆ ಹಗುರ ಅನಿಸುತ್ತದೆ, ಆದರೆ 50 ಗ್ರಾಂಗೆ ಸುಮಾರು 40 ಗ್ರಾಂ ಕಾರ್ಬ್, ಅದೂ ರಕ್ತಕ್ಕೆ ಬಲು ಬೇಗ ಇಳಿಯುವಂಥದ್ದು. ಕಟಕ ರೊಟ್ಟಿಯದು ಬೇರೆ ಲೆಕ್ಕ: ತೆಳ್ಳಗೆ ಇರುತ್ತದೆ ಅಂತ ಮಾತಾಡುತ್ತಾ ನಾಲ್ಕು ಮುರಿದು ತಿನ್ನುತ್ತೇವೆ. ಹಿಟ್ಟನ್ನು ಒಮ್ಮೆಯಾದರೂ ತಕ್ಕಡಿಗೆ ಹಾಕಿ ನೋಡಿ.

ನಾನು ನಿಂತದ್ದು ಮಧ್ಯಾಹ್ನ ಒಂದು, ರಾತ್ರಿ ಒಂದು ರೊಟ್ಟಿಗೆ. ಜೊತೆಗೆ ಮೊದಲಿನ ಎರಡು ಪಟ್ಟು ಪಲ್ಯ: ಪುಂಡಿ, ಮೆಂತ್ಯ, ರಾಜಗಿರಿ, ಬದನೇಕಾಯಿ. ಪುಂಡಿ ಪಲ್ಯಕ್ಕೆ ಹಾಕುವ ನುಚ್ಚು ಅರ್ಧಕ್ಕೆ ಇಳಿಸಬೇಕು, ಇಲ್ಲದಿದ್ದರೆ ಪಲ್ಯದ ಹೆಸರಲ್ಲಿ ಇನ್ನೊಂದು ರೊಟ್ಟಿ ಒಳಗೆ ಹೋಗುತ್ತದೆ. ತೊಗರಿ ಬ್ಯಾಳಿ ಒಣದ್ದು 30 ಗ್ರಾಂ (ಕಾರ್ಬ್ ಸುಮಾರು 17), ಮೊಸರು ಒಂದು ಬಟ್ಟಲು, ಮೊಟ್ಟೆ ಎರಡು, ಶೇಂಗಾ ಇಲ್ಲವೇ ಅಗಸಿ ಹಿಂಡಿ (ಚಟ್ನಿಪುಡಿ) ಎರಡು ಚಮಚ. ಎಲ್ಲ ಕೂಡಿಸಿದರೆ 120ರ ಆಸುಪಾಸು. ಮೊಟ್ಟೆ ತಿನ್ನದವರು ಬ್ಯಾಳಿ ಹೆಚ್ಚಿಸಿ ಒಂದು ಹೊತ್ತಿನ ರೊಟ್ಟಿ ಅರ್ಧ ಮಾಡಿಕೊಳ್ಳಬಹುದು.

ಮೊಡವೆ ಇರುವವರಿಗೆ ಫಲ ಬೇಗ ಕಾಣಬೇಕು ಅನ್ನುವ ಆತುರ. ಸಕ್ಕರೆ, ಮೈದಾ ರಕ್ತಕ್ಕೆ ಬೇಗ ಇಳಿದಷ್ಟೂ ಇನ್ಸುಲಿನ್ ಏರುತ್ತದೆ. ಅದರ ಜೊತೆಗೆ ಐಜಿಎಫ್-1 ಎಂಬ ಹಾರ್ಮೋನು ಚುರುಕಾಗಿ, ಚರ್ಮದ ಎಣ್ಣೆ ಗ್ರಂಥಿಗಳು ಜಾಸ್ತಿ ಜಿಡ್ಡು ಬಿಡುತ್ತವೆ, ರಂಧ್ರದ ಬಾಯಿ ಕಟ್ಟುತ್ತದೆ. ಒಳಗೆ ಆಗಲೇ ಕಟ್ಟಿಕೊಂಡ ಮೊಡವೆ ಹೊರಬರಲು ವಾರಗಟ್ಟಲೆ ಬೇಕು. ಆದ್ದರಿಂದ 10–12 ವಾರದ ಮೊದಲು ತೀರ್ಪು ಬೇಡ. ಕಾರ್ಬ್ ಕಡಿಮೆ ಮಾಡಿಯೂ ಮೊಡವೆ ಹೆಚ್ಚಾಯಿತು ಅನ್ನುವವರ ತಾಟಿನಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ಸಿಗುತ್ತದೆ: ಜಿಮ್ಮಿನ ವೇ ಪ್ರೋಟೀನ್ ಪುಡಿ, ಇಲ್ಲವೇ ದಿನಕ್ಕೆ ಮೂರ್ನಾಲ್ಕು ಲೋಟ ಹಾಲು. ಒಂದು ತಿಂಗಳು ಅದನ್ನು ಬಿಟ್ಟು ನೋಡಬೇಕು. ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚುವವರು ಅದನ್ನೂ ನಿಲ್ಲಿಸಬೇಕು.

ಕತ್ತಿನ ಹಿಂದೆ, ಬಗಲಲ್ಲಿ ಮಖಮಲ್ಲಿನ ಹಾಗೆ ದಪ್ಪಗೆ ಕಪ್ಪಾಗುವುದು ಕೊಳೆ ಅಲ್ಲ. ಬಹುತೇಕ ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವುದರ ಗುರುತು. ನಿಂಬೆಹಣ್ಣು, ಸಕ್ಕರೆ, ಸ್ಕ್ರಬ್ ಹಾಕಿ ಉಜ್ಜಿದರೆ ಚರ್ಮ ಇನ್ನಷ್ಟು ದಪ್ಪವಾಗುತ್ತದೆ. ಆಹಾರ ಬದಲಾಗಿ ತೂಕ ಇಳಿದಾಗ ಮೊದಲು ಒರಟುತನ ತಗ್ಗುತ್ತದೆ, ಬಣ್ಣ ಆಮೇಲೆ. ಮೂರರಿಂದ ಆರು ತಿಂಗಳು ಹಿಡಿಯುತ್ತದೆ. ಕನ್ನಡಿ ನಂಬಬೇಡಿ. ಮುಂಜಾನೆ ಅದೇ ಕಿಟಕಿ ಹತ್ತಿರ, ಫ್ಲ್ಯಾಷ್ ಇಲ್ಲದೆ, ಹದಿನೈದು ದಿನಕ್ಕೊಂದು ಫೋಟೊ ತೆಗೆದಿಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ. ಜೊತೆಗೆ ಎಚ್‌ಬಿಎ1ಸಿ (ಎರಡು–ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಮಾಡಿಸಿ. ಕತ್ತಿನಲ್ಲಿ ಜೋತುಬಿದ್ದ ಸಣ್ಣ ನರುಳ್ಳೆ ಮಾತ್ರ ಊಟದಿಂದ ಉದುರುವುದಿಲ್ಲ.

ಮೊದಲ ವಾರ ತುಟಿ ಒಡೆದು, ಮೊಣಕಾಲ ಕೆಳಗೆ ಬಿಳಿ ಬಿಳಿ ಏಳುತ್ತದೆ. ದೇಹ ಕೂಡಿಟ್ಟ ಒಂದು ಗ್ರಾಂ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಸುಮಾರು ಮೂರು ಗ್ರಾಂ ನೀರು ಹಿಡಿದಿರುತ್ತದೆ; ಅದು ಖರ್ಚಾದಾಗ ನೀರೂ ಹೋಗುತ್ತದೆ, ಇನ್ಸುಲಿನ್ ಇಳಿದಂತೆ ಮೂತ್ರದಲ್ಲಿ ಉಪ್ಪೂ ಹೋಗುತ್ತದೆ. ಮೊದಲ ವಾರ ಇಳಿಯುವ ಎರಡು ಕಿಲೋದಲ್ಲಿ ಬಹುಪಾಲು ಇದೇ. ನಮ್ಮ ಬೇಸಗೆ 42 ಡಿಗ್ರಿ ದಾಟುವುದರಿಂದ ಏಪ್ರಿಲ್–ಮೇ ತಿಂಗಳಲ್ಲಿ ಈ ಪಥ್ಯ ಶುರು ಮಾಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮೂರು ಲೀಟರ್ ನೀರು, ಅದರಲ್ಲಿ ಎರಡು ಲೋಟ ಉಪ್ಪು ಹಾಕಿದ ತೆಳು ಮಜ್ಜಿಗೆ. ದಿನಕ್ಕೆ ಅರ್ಧ ಚಮಚ ಹೆಚ್ಚುವರಿ ಉಪ್ಪು ಸಾಕು. ಬಿಪಿ, ಕಿಡ್ನಿ, ಹೃದಯದ ತೊಂದರೆ ಇದ್ದವರು ಈ ಉಪ್ಪನ್ನು ಮುಟ್ಟಬಾರದು. ಸ್ನಾನವಾದ ಕೂಡಲೇ, ಮೈ ಇನ್ನೂ ಹಸಿ ಇರುವಾಗ, ವ್ಯಾಸಲೀನ್ ತೆಳ್ಳಗೆ ಹಚ್ಚಬೇಕು. ಒಣಗಿದ ಮೇಲೆ ಹಚ್ಚಿದರೆ ಅರ್ಧ ಕೆಲಸವೂ ಆಗುವುದಿಲ್ಲ.

ಇನ್ನು ಕೀಟೋ ತುರಿಕೆ. ವೈದ್ಯರು ಇದಕ್ಕೆ ಪ್ರುರೈಗೊ ಪಿಗ್ಮೆಂಟೋಸಾ ಅನ್ನುತ್ತಾರೆ. 1971ರಲ್ಲಿ ಜಪಾನಿನಲ್ಲಿ ಮೊದಲು ವರ್ಣಿಸಿದ್ದು. ಅಪರೂಪ, ಆದರೆ ನಮ್ಮಲ್ಲಿ ಬೆವರುಸಾಲೆ, ಗಜಕರ್ಣ ಅಂತ ತಪ್ಪಾಗಿ ಗುರುತಿಸುವುದೇ ಹೆಚ್ಚು. ದೇಹ ಕೀಟೋಸಿಸ್‌ಗೆ, ಅಂದರೆ ಕಾರ್ಬ್ ಸಾಲದೆ ಕೊಬ್ಬಿನಿಂದ ಕೀಟೋನ್ ಮಾಡಿ ಉರಿಸುವ ಸ್ಥಿತಿಗೆ, ಹೋದ ಮೇಲೆ, ಸಾಮಾನ್ಯವಾಗಿ ಮೊದಲ ಕೆಲವು ವಾರಗಳಲ್ಲಿ, ಬೆನ್ನಿನ ಮೇಲ್ಭಾಗ, ಎದೆ, ಕತ್ತಿನಲ್ಲಿ ಎರಡೂ ಬದಿ ಸರಿಸಮ ಕೆಂಪು ಗುಳ್ಳೆ ಏಳುತ್ತವೆ, ವಿಪರೀತ ಕಡಿತ. ಗುಳ್ಳೆ ಆರಿದ ಕಡೆ ಕಂದು ಕಲೆ ಬಲೆಯಂತೆ ಉಳಿಯುತ್ತದೆ. ದಿನಗಟ್ಟಲೆ ಕಟ್ಟುನಿಟ್ಟಿನ ಉಪವಾಸ ಮಾಡಿದವರಿಗೂ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದವರಿಗೂ ಇದು ಬರಬಹುದು.

ಬೆವರುಸಾಲೆಯಾದರೆ ತಂಪಿನಲ್ಲಿದ್ದರೆ ಒಂದೆರಡು ದಿನಕ್ಕೆ ಇಳಿಯುತ್ತದೆ. ಗಜಕರ್ಣಕ್ಕೆ ಉಂಗುರದಂಥ ಅಂಚು, ಅಂಚಿನಲ್ಲಿ ಹೊಟ್ಟು, ನಡುವೆ ತಿಳಿಯಾದ ಚರ್ಮ ಇರುತ್ತದೆ. ಈ ಎರಡೂ ಅಲ್ಲದಿದ್ದರೆ, ಪಥ್ಯ ಹಿಡಿದದ್ದೂ ಹೊಸದಾಗಿದ್ದರೆ, ಮೆಡಿಕಲ್ ಅಂಗಡಿಯಲ್ಲಿ ಕೇಳದೆಯೇ ಕೊಡುವ ಸ್ಟೀರಾಯ್ಡ್ ಬೆರೆಸಿದ ಟ್ಯೂಬು ಹಚ್ಚಬಾರದು. ಅದು ಕೀಟೋ ತುರಿಕೆಯನ್ನು ಗುಣಪಡಿಸುವುದಿಲ್ಲ, ಗಜಕರ್ಣವೇ ಆಗಿದ್ದರೆ ಹರಡಿಸುತ್ತದೆ. ಅಲರ್ಜಿ ಮಾತ್ರೆಯಿಂದಲೂ ಹೆಚ್ಚು ಉಪಯೋಗವಿಲ್ಲ. ಮಾಡಬೇಕಾದದ್ದು ಇಷ್ಟೇ: ಪ್ರತಿ ಹೊತ್ತಿಗೆ ಒಂದು ರೊಟ್ಟಿ ವಾಪಸ್ ತಂದು ಕಾರ್ಬನ್ನು 100 ಗ್ರಾಂ ಮೇಲಕ್ಕೆ ಏರಿಸುವುದು. ಬಹಳ ಜನಕ್ಕೆ ಕಡಿತ ಕೆಲವು ದಿನದಿಂದ ಒಂದೆರಡು ವಾರದಲ್ಲಿ ತಗ್ಗುತ್ತದೆ. ತಗ್ಗದಿದ್ದರೆ ಚರ್ಮದ ವೈದ್ಯರು ಡಾಕ್ಸಿಸೈಕ್ಲಿನ್ ತರಹದ ಮಾತ್ರೆ ಬರೆಯುತ್ತಾರೆ. ಕಲೆ ಮಾಸಲು ತಿಂಗಳುಗಳೇ ಬೇಕು.

ಕೂದಲಿನ ಗಡಿಯಾರ ನಿಧಾನ. ಊಟ ಒಮ್ಮೆಲೇ ಕಡಿತವಾದರೆ ಕೂದಲು ವಿಶ್ರಾಂತಿ ಹಂತಕ್ಕೆ ಹೋಗಿ ಎರಡು–ಮೂರು ತಿಂಗಳ ನಂತರ ಉದುರುತ್ತದೆ. ಆಗ ಜನ ಶಾಂಪೂವನ್ನು ಬಯ್ಯುತ್ತಾರೆ. ಇದನ್ನು ತಡೆಯಲು ಬೇಕಾದದ್ದು: ಮೊದಲ ವಾರದ ನೀರಿನ ತೂಕ ಬಿಟ್ಟರೆ ವಾರಕ್ಕೆ ಅರ್ಧ ಕಿಲೋಕ್ಕಿಂತ ಹೆಚ್ಚು ಇಳಿಸದಿರುವುದು, ಕಿಲೋ ತೂಕಕ್ಕೆ ಒಂದು ಗ್ರಾಂ ಪ್ರೋಟೀನ್, ಜೊತೆಗೆ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು) ಮತ್ತು ಥೈರಾಯ್ಡ್ ಪರೀಕ್ಷೆ. ಹಣ್ಣು ಪೂರ್ತಿ ಬಿಡುವುದೂ ತಪ್ಪು: ಅರ್ಧ ಪೇರಲಹಣ್ಣಿನಲ್ಲಿ ದಿನದ ವಿಟಮಿನ್ ಸಿ ಸಿಗುತ್ತದೆ, ಕಾರ್ಬ್ ಹತ್ತು ಗ್ರಾಂ ಒಳಗೆ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ತೆಗೆದುಕೊಳ್ಳುವವರು ರೊಟ್ಟಿ ಕಡಿಮೆ ಮಾಡುವ ಮೊದಲೇ ವೈದ್ಯರಿಂದ ಡೋಸು ಬದಲಿಸಿಕೊಳ್ಳಬೇಕು, ಇಲ್ಲವಾದರೆ ಸಕ್ಕರೆ ಪ್ರಮಾಣ ಕುಸಿಯುತ್ತದೆ. ಡಾಪಾಗ್ಲಿಫ್ಲೋಜಿನ್ ಥರದ ಮಾತ್ರೆ ನುಂಗುವವರಿಗೆ ಅತಿ ಕಡಿಮೆ ಕಾರ್ಬ್ ಅಪಾಯ. ರಕ್ತದಲ್ಲಿ ಕೀಟೋನ್ ಏರಿ ಆಸ್ಪತ್ರೆ ಸೇರಬೇಕಾದೀತು. ಬಸುರಿ, ಬಾಣಂತಿಯರಿಗೆ ಈ ಪಥ್ಯ ಬೇಡ.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋದರೆ ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಕಡಬು ಬಿಡಲಾಗದು, ಬಿಡುವುದೂ ಬೇಡ. ಒಂದು ದಿನದ ಊಟಕ್ಕೆ ಕತ್ತಿನ ಬಣ್ಣ ಹಿಂದಕ್ಕೆ ಹೋಗುವುದಿಲ್ಲ. ಮರುದಿನ ಪ್ರಾಯಶ್ಚಿತ್ತಕ್ಕೆ ಉಪವಾಸ ಕೂರದೆ ಎರಡು ರೊಟ್ಟಿಗೆ ಮರಳಿದರೆ ಸಾಕು.