‘ನಿಮ್ಮ ವೋಟು ಆಗಿದೆ’ ಅಂದ್ರೆ ವಾಪಸ್ ಹೋಗಬೇಡಿ: ಒಬ್ಬ ಪಿಆರ್‌ಓ ಅನುಭವ

ಮೇಷ್ಟ್ರ ಕೆಲಸದವನಾದ ನನಗೆ ಚುನಾವಣೆ ಬಂದರೆ ಪಿಆರ್‌ಓ, ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿಯ ಡ್ಯೂಟಿ ತಪ್ಪಿದ್ದಲ್ಲ. ಮತಗಟ್ಟೆಯ ಸಾಮಾನು ಹಂಚುವ ಮಸ್ಟರಿಂಗ್ ದಿನ ಚೀಲ ಕೈಗೆ ಬಂದಾಗ ಉಳಿದವರೆಲ್ಲ ಕಂಟ್ರೋಲ್ ಯೂನಿಟ್ಟು, ವಿವಿಪ್ಯಾಟು ನೋಡುತ್ತಾರೆ. ನಾನು ಮೊದಲು ಹುಡುಕುವುದು ಟೆಂಡರ್ಡ್ ಮತಪತ್ರಗಳ (ತಮ್ಮ ಹೆಸರಲ್ಲಿ ಬೇರೆಯವರು ಆಗಲೇ ವೋಟು ಹಾಕಿಬಿಟ್ಟಿದ್ದರೆ ನಿಜವಾದ ಮತದಾರರಿಗೆ ಕೊಡುವ ಕಾಗದದ ಮತಪತ್ರ) ಕವರು ಮತ್ತು ಅದನ್ನು ಪಡೆದವರ ಸಹಿ ಹಾಕಿಸುವ ನಮೂನೆ 17ಬಿ. ಬೇಕಾದ ಹೊತ್ತಿಗೆ ತಡಕಾಡುತ್ತಾ ಕೂತರೆ ಮತದಾರರು ಬೇಸತ್ತು ಮನೆಗೆ ಹೋಗಿರುತ್ತಾರೆ.

2023ರ ಮೇ 10ರ ವಿಧಾನಸಭೆ ಚುನಾವಣೆಯಲ್ಲಿ ಅದು ಬೇಕಾಯಿತು. ಮಧ್ಯಾಹ್ನ ಹೊಲದ ಕೆಲಸ ಮುಗಿಸಿ ಒಬ್ಬ ಹೆಂಗಸು ಬಂದರು. ಪಟ್ಟಿಯಲ್ಲಿ ಅವರ ಹೆಸರಿಗೆ ಆಗಲೇ ಕೆಂಪು ಶಾಯಿಯ ಗೆರೆ ಬಿದ್ದಿತ್ತು. ‘ನಿಮ್ದು ಬೆಳಗ್ಗೆನೇ ಆಗಿದೆಯಲ್ಲಮ್ಮ’ ಎಂದು ಅಭ್ಯರ್ಥಿಯ ಪರ ಮತಗಟ್ಟೆಯಲ್ಲಿ ಕೂರುವ ಏಜೆಂಟರೊಬ್ಬರು ಕೂತಲ್ಲಿಂದಲೇ ಕೂಗಿದರು. ಆಕೆಯ ಎಡಗೈ ತೋರುಬೆರಳಲ್ಲಿ ಶಾಯಿಯ ಗುರುತೇ ಇರಲಿಲ್ಲ. ನಮ್ಮ ತಂಡಕ್ಕೆ ನಾನು ಹಿಂದಿನ ರಾತ್ರಿಯೇ ಹೇಳಿರುತ್ತೇನೆ, ಯಾರಿಗೂ ‘ಹೋಗಿ’ ಅನ್ನಬೇಡಿ, ನನ್ನ ಹತ್ತಿರ ಕಳಿಸಿ ಅಂತ. ಹಾಗಾಗಿ ಆಕೆ ನನ್ನ ಮೇಜಿಗೆ ಬಂದರು.

ಗಂಡನ ಹೆಸರು, ವಯಸ್ಸು, ಮನೆ ನಂಬರು, ಮನೆಯಲ್ಲಿ ಇನ್ಯಾರ ಹೆಸರು ಪಟ್ಟಿಯಲ್ಲಿದೆ ಎಂದು ಕೇಳಿದೆ. ಎಲ್ಲ ಹೊಂದಿತು, ಫೋಟೋನೂ ಹೊಂದಿತು. 17ಬಿಯಲ್ಲಿ ಸಹಿ ಹಾಕಿಸಿ ಟೆಂಡರ್ಡ್ ಮತಪತ್ರ, ಬಾಣದ ಗುರುತಿನ ಸೀಲು ಕೊಟ್ಟೆ. ‘ಮಿಷಿನ್ನಲ್ಲಿ ಯಾಕಿಲ್ಲ?’ ಅಂದರು. ಸುಳ್ಳು ಹೇಳಲಿಲ್ಲ: ಇದು ಬೇರೆ ಕವರಿಗೆ ಹೋಗುತ್ತದೆ, ಮಾಮೂಲಿ ಎಣಿಕೆಗೆ ಸೇರುವುದಿಲ್ಲ, ಕೋರ್ಟು ಹೇಳಿದರೆ ಮಾತ್ರ ತೆರೆಯುತ್ತಾರೆ. ‘ಹಂಗಾರೆ ಏನು ಉಪಯೋಗ?’ ಸರಿಯಾದ ಪ್ರಶ್ನೆಯೇ. ಆದರೆ 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ. ಅಂಥ ಕಡೆ ಕೇಸು ನಡೆದರೆ ಆ ಕವರಿಗೆ ಬೆಲೆ ಬರುತ್ತದೆ. ಅದಿರಲಿ, ನಿಮ್ಮ ಹೆಸರಲ್ಲಿ ಬೇರೆಯವರು ವೋಟು ಹಾಕಿದ್ದಾರೆ ಎಂಬುದಕ್ಕೆ ಸರ್ಕಾರಿ ದಾಖಲೆಯಾಗುವುದು ಈ ಸಹಿಯೇ. ಸುಮ್ಮನೆ ವಾಪಸ್ ಹೋದರೆ ಅದೂ ಇಲ್ಲ.

ಪ್ರತಿ ಸಲವೂ ಒಂದು ವಾಟ್ಸಾಪ್ ಮೆಸೇಜು ನಮ್ಮ ತಲೆ ತಿನ್ನುತ್ತದೆ: ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ ‘ಚಾಲೆಂಜ್ ವೋಟ್’ ಹಾಕಬಹುದು, ಟೆಂಡರ್ಡ್ ಮತ ಶೇ 14 ದಾಟಿದರೆ ಮರುಮತದಾನ ಅಂತ. ಎರಡೂ ಸುಳ್ಳು. ಚಾಲೆಂಜ್ ಮಾಡುವುದು ಏಜೆಂಟರು. ‘ಈತ ಆ ವ್ಯಕ್ತಿ ಅಲ್ಲ’ ಅಂತ ಎರಡು ರೂಪಾಯಿ ಕಟ್ಟಿ ಆಕ್ಷೇಪ ಎತ್ತುತ್ತಾರೆ, ನಾನು ವಿಚಾರಿಸಿ ತೀರ್ಮಾನ ಕೊಡುತ್ತೇನೆ. ಪಟ್ಟಿಯಲ್ಲಿ ಹೆಸರಿಲ್ಲ ಅಂದರೆ ಎಪಿಕ್ ಕಾರ್ಡ್ (ಮತದಾರರ ಗುರುತಿನ ಚೀಟಿ) ಕೈಯಲ್ಲಿದ್ದರೂ ನಾನೇನೂ ಮಾಡಲಾಗುವುದಿಲ್ಲ. ಪಟ್ಟಿಗೆ ಹೆಸರು ಸೇರಿಸುವ ಅರ್ಜಿ, ಅಂದರೆ ನಮೂನೆ 6 ಕೊಡಬೇಕಿದ್ದದ್ದು ನಾಮಪತ್ರದ ಗಡುವಿಗೂ ಮುಂಚೆ. ಇದರ ಉಲ್ಟಾನೂ ನಿಜ: ಹೆಸರಿದ್ದು ಎಪಿಕ್ ಮರೆತಿದ್ದರೆ ಆಧಾರ್, ಡ್ರೈವಿಂಗ್ ಲೈಸೆನ್ಸ್, ಫೋಟೋ ಇರುವ ಬ್ಯಾಂಕ್ ಪಾಸ್‌ಬುಕ್, ನರೇಗಾ ಜಾಬ್ ಕಾರ್ಡ್ ಯಾವುದಾದರೂ ನಡೆಯುತ್ತದೆ. ಬರೀ ವೋಟರ್ ಸ್ಲಿಪ್ ನಡೆಯುವುದಿಲ್ಲ. ಹೆಸರಿನ ಕಾಗುಣಿತ ಸ್ವಲ್ಪ ಆಚೀಚೆ ಇದ್ದರೆ ನಾವು ತಕರಾರು ಮಾಡುವಂತಿಲ್ಲ.

ವಯಸ್ಸಾದವರ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟುಕ. ‘ಅವ್ವಂಗೆ ಓದಾಕೆ ಬರಲ್ಲ ಸಾರ್, ನಾನೇ ಒತ್ತಿ ಬರ್ತೀನಿ’ ಅಂತ ಮಗ ಜೊತೆಗೆ ನುಗ್ಗುತ್ತಾನೆ. ಕಣ್ಣು ಕಾಣದಿದ್ದರೆ, ಬಟನ್ ಒತ್ತುವ ಶಕ್ತಿ ಇಲ್ಲದಿದ್ದರೆ 18 ತುಂಬಿದ ಒಬ್ಬರು ಜೊತೆಗೆ ಹೋಗಬಹುದು. ಓದು ಬಾರದಿರುವುದು ಅದಕ್ಕೆ ಕಾರಣ ಅಲ್ಲ. ಅಂಥವರಿಗೆ ಏಜೆಂಟರ ಎದುರೇ ರಟ್ಟಿನ ಮಾದರಿ ಬ್ಯಾಲೆಟ್ ಯೂನಿಟ್ ಹಿಡಿದು, ‘ನಿಮಗೆ ಬೇಕಾದ ಚಿಹ್ನೆ ಪಕ್ಕದ ನೀಲಿ ಗುಂಡಿ ಒತ್ತಿ, ಬೀಪ್ ಕೇಳೋವರೆಗೂ ನಿಲ್ಲಿ, ಪಕ್ಕದ ಗಾಜಿನಲ್ಲಿ ಚೀಟಿ ಏಳು ಸೆಕೆಂಡ್ ಕಾಣುತ್ತೆ’ ಅಂತ ತೋರಿಸುತ್ತೇನೆ. ಒಳಗೆ ಹೋಗುವುದು ಅವರೊಬ್ಬರೇ. ಮಗ ಗೊಣಗುತ್ತಾನೆ, ಗೊಣಗಲಿ.

ಸಂಜೆ ಆರಕ್ಕೆ ಗೇಟು ಹಾಕಿದರೂ ಆಗಲೇ ಸಾಲಿನಲ್ಲಿದ್ದವರಿಗೆಲ್ಲ ಹಕ್ಕಿದೆ. ಸಹಿ ಮಾಡಿದ ಚೀಟಿಗಳನ್ನು ಸಾಲಿನ ತುದಿಯಿಂದ ಹಂಚಬೇಕು: ಕೊನೆಯಲ್ಲಿ ನಿಂತವರಿಗೆ ಒಂದನೇ ನಂಬರು. ಆಗ ತಡವಾಗಿ ಬಂದವರು ನಡುವೆ ತೂರಲು ಆಗುವುದಿಲ್ಲ.

ಇನ್ನು 17ಸಿ. ಒಟ್ಟು ಎಷ್ಟು ಮತ ಬಿತ್ತು ಎಂಬ ಆ ಲೆಕ್ಕದ ಪ್ರತಿಯನ್ನು ಹಾಜರಿರುವ ಪ್ರತಿ ಏಜೆಂಟರಿಗೂ ನಾನು ಸಹಿ ಮಾಡಿ ಕೊಡಬೇಕು. ಸಂಜೆ ಹೊತ್ತಿಗೆ ಅವರಲ್ಲಿ ಅರ್ಧದಷ್ಟು ಜನ ಮಾಯವಾಗಿರುತ್ತಾರೆ. ಅದಕ್ಕೇ ಬೆಳಗ್ಗೆ ಮಾಕ್ ಪೋಲ್ (ಅಣಕು ಮತದಾನ) ಮುಗಿದ ಕೂಡಲೇ ಹೇಳಿಬಿಡುತ್ತೇನೆ: ಮತದಾನ ಮುಗಿಸುವ ಕ್ಲೋಸ್ ಬಟನ್ ಒತ್ತುವವರೆಗೂ ಇರಿ, 17ಸಿ ಇಸ್ಕೊಂಡೇ ಹೋಗಿ, ಎಣಿಕೆ ದಿನ ಮೆಷಿನ್ ತೋರಿಸುವ ಒಟ್ಟು ಲೆಕ್ಕಕ್ಕೆ ತಾಳೆ ಹಾಕಲು ನಿಮ್ಮ ಅಭ್ಯರ್ಥಿಗೆ ಈ ಕಾಗದ ಬೇಕೇ ಬೇಕು.