ಮುಂಗಡ ಪಡೆದ ಕಾರ್ಖಾನೆ ಮುಚ್ಚಿದರೆ ಹಣ ಹಿಂಪಡೆಯುವುದು ಹೇಗೆ?

ದಾದರ್‌ನ ಹೋಟೆಲಿಗೆ ದೊಡ್ಡ ಗ್ರೈಂಡರ್ ಇರಲಿ, ಪುಣೆಯ ಹೊಸ ಫ್ಲ್ಯಾಟಿಗೆ ಅಡುಗೆಮನೆಯ ಕಪಾಟು ಇರಲಿ, ಮಡಗಾಂವಿನ ವಸತಿಗೃಹಕ್ಕೆ ಮಂಚಗಳಿರಲಿ, ಅಳತೆ ಕೊಟ್ಟು ಮಾಡಿಸುವ ಸಾಮಾನಿಗೆ ಅರ್ಧದಷ್ಟು ಹಣವನ್ನು ಮುಂಗಡ ಕೊಡುವುದು ವಾಡಿಕೆ. ಸಣ್ಣ ತಯಾರಕರು ಆ ಹಣದಿಂದಲೇ ಉಕ್ಕು, ಪ್ಲೈವುಡ್, ಮೋಟಾರು ಕೊಳ್ಳುತ್ತಾರೆ. ಎಷ್ಟೋ ಸಲ ಹಿಂದಿನ ಗಿರಾಕಿಯ ಬಾಕಿ ಕೆಲಸ ಮುಗಿಯುವುದೂ ಅದರಲ್ಲಿಯೇ. ಹಾಗಾಗಿ ಭೋಸರಿಯ ಶೆಡ್ಡಿಗೋ ವಸಯಿಯ ಗಾಳಾಕ್ಕೋ (ಕೈಗಾರಿಕಾ ಮಳಿಗೆಗೋ) ಬೀಗ ಬಿದ್ದಾಗ ಒಳಗೆ ನಿಮ್ಮ ಹಣವೂ ಇರುವುದಿಲ್ಲ, ಸಾಮಾನೂ ಇರುವುದಿಲ್ಲ. ಆದರೂ ಹಣ ಮುಳುಗಿಯೇ ಹೋಯಿತೆಂದು ಕೈಚೆಲ್ಲುವ ಮೊದಲು ಮಾಡಬೇಕಾದ ಕೆಲಸಗಳಿವೆ.

ಮೊದಲು ತಿಳಿಯಬೇಕಾದದ್ದು, ಹಣ ಪಡೆದವರು ಕಾನೂನಿನ ದೃಷ್ಟಿಯಲ್ಲಿ ಯಾರು ಎಂಬುದು. ಮುಂದಿನ ದಾರಿಯೆಲ್ಲ ಇದರ ಮೇಲೆ ನಿಂತಿದೆ. ಹೆಚ್ಚಿನವರು ಇದನ್ನು ಬಿಟ್ಟು ನೇರವಾಗಿ ಪೊಲೀಸ್ ಠಾಣೆಗೆ ಓಡುತ್ತಾರೆ. ಬೋರ್ಡಿನ ಮೇಲೆ ‘ಇಂಡಸ್ಟ್ರೀಸ್’ ಎಂದೋ ‘ಎಂಜಿನಿಯರಿಂಗ್ ವರ್ಕ್ಸ್’ ಎಂದೋ ಬರೆದಿದ್ದರೆ ಅದರಿಂದ ಏನೂ ತಿಳಿಯದು. ಕೊಟೇಶನ್ ಅಥವಾ ರಸೀದಿಯ ಮೇಲಿರುವ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆಯನ್ನು ನೋಡಿ. ಅದರ ಮೊದಲ ಎರಡು ಅಂಕಿ ರಾಜ್ಯವನ್ನು ಸೂಚಿಸುತ್ತವೆ: ಮಹಾರಾಷ್ಟ್ರಕ್ಕೆ 27, ಗೋವೆಗೆ 30, ಕರ್ನಾಟಕಕ್ಕೆ 29. ಅನಂತರದ ಹತ್ತು ಅಕ್ಷರಗಳು ಪ್ಯಾನ್ ಸಂಖ್ಯೆ. ಇಡೀ ಸಂಖ್ಯೆಯಲ್ಲಿ ಆರನೆಯದಾಗಿ ಬರುವ ಅಕ್ಷರ ‘ಪಿ’ ಆಗಿದ್ದರೆ ಅದು ಒಬ್ಬ ವ್ಯಕ್ತಿಯ ವ್ಯವಹಾರ. ‘ಎಫ್’ ಆಗಿದ್ದರೆ ಪಾಲುದಾರಿಕೆ ಸಂಸ್ಥೆ, ಸಾಮಾನ್ಯವಾಗಿ ಸೀಮಿತ ಹೊಣೆಯ ಪಾಲುದಾರಿಕೆಯಾದ ಎಲ್‌ಎಲ್‌ಪಿಗೂ ಇದೇ ಅಕ್ಷರ. ‘ಸಿ’ ಆಗಿದ್ದರೆ ಕಂಪನಿ. ಜಿಎಸ್‌ಟಿ ಜಾಲತಾಣದಲ್ಲಿ ಈ ಸಂಖ್ಯೆಯನ್ನು ಹಾಕಿ ಹುಡುಕಿದರೆ ಮಾಲೀಕರ ಅಧಿಕೃತ ಹೆಸರು, ನೋಂದಣಿ ಚಾಲ್ತಿಯಲ್ಲಿದೆಯೇ ಅಥವಾ ರದ್ದಾಗಿದೆಯೇ ಎಂಬುದು ಶುಲ್ಕವಿಲ್ಲದೆ ಸಿಗುತ್ತದೆ. ಜಿಎಸ್‌ಟಿ ಸಂಖ್ಯೆಯೇ ಇಲ್ಲದ ತೀರಾ ಚಿಕ್ಕ ಘಟಕವಾದರೆ ಗುಮಾಸ್ತಾ ಲೈಸೆನ್ಸ್ (ಅಂಗಡಿ, ಸಂಸ್ಥೆಗಳ ನೋಂದಣಿ) ಅಥವಾ ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಯ ಹೆಸರನ್ನು ಹಿಡಿಯಬೇಕು.

ಒಬ್ಬರೇ ಮಾಲೀಕರಾಗಿದ್ದರೆ ಶೆಡ್ಡು ಮುಚ್ಚಿದರೂ ಅವರ ಹೊಣೆ ಮುಗಿಯದು. ಅವರ ಸ್ವಂತ ಉಳಿತಾಯ, ಸ್ವಂತ ಮನೆ ಕೂಡ ಆ ಬಾಕಿಗೆ ಉತ್ತರ ಹೇಳಬೇಕಾಗುತ್ತದೆ. ಪಾಲುದಾರಿಕೆಯಲ್ಲಿ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹಣಕ್ಕೆ ಹೊಣೆ, ಆದ್ದರಿಂದ ಒಬ್ಬ ಊರು ಬಿಟ್ಟಿದ್ದರೆ ಇನ್ನೊಬ್ಬನನ್ನು ಕೇಳಬಹುದು. ಪ್ರೈವೇಟ್ ಲಿಮಿಟೆಡ್ ಕಂಪನಿ ಅಥವಾ ಎಲ್‌ಎಲ್‌ಪಿಯಲ್ಲಿ ಮಾತ್ರ ಹೊಣೆ ಸಂಸ್ಥೆಯ ಆಸ್ತಿಗೆ ಸೀಮಿತ, ವಂಚನೆಯನ್ನು ಸಾಬೀತುಪಡಿಸಿದರೆ ಬೇರೆ ಮಾತು.

ಎರಡನೆಯ ಕೆಲಸ ಸ್ಥಳಕ್ಕೆ ಹೋಗಿ ಬಾಗಿಲನ್ನು ನೋಡುವುದು. ಬೀಗದ ಫೋಟೋ ಎಲ್ಲರೂ ತೆಗೆಯುತ್ತಾರೆ, ಆದರೆ ಶಟರಿಗೆ ಅಂಟಿಸಿದ ಕಾಗದವನ್ನು ಓದುವುದು ಮುಖ್ಯ. ಅದರಲ್ಲಿ ‘ಸರ್ಫೇಸಿ’ ಎಂಬ ಪದವೂ ಬ್ಯಾಂಕಿನ ಹೆಸರೂ ಇದ್ದರೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕು ವಶಕ್ಕೆ ತೆಗೆದುಕೊಳ್ಳುತ್ತಿದೆ ಎಂದರ್ಥ, ಆ ಆಸ್ತಿಯ ಮೇಲೆ ನಿಮಗಿಂತ ಬ್ಯಾಂಕಿಗೆ ಮೊದಲ ಹಕ್ಕು. ಕಾಗದದಲ್ಲಿ ಎನ್‌ಸಿಎಲ್‌ಟಿ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ಅಥವಾ ‘ರೆಸಲ್ಯೂಷನ್ ಪ್ರೊಫೆಷನಲ್’ (ದಿವಾಳಿ ಪ್ರಕ್ರಿಯೆಯನ್ನು ನಡೆಸುವವರು) ಎಂದಿದ್ದರೆ ಕಂಪನಿ ದಿವಾಳಿ ಪ್ರಕ್ರಿಯೆಯಲ್ಲಿದೆ. ಬಾಡಿಗೆ ಬಾಕಿಯ ನೋಟಿಸ್ ಅಷ್ಟೇ ಆಗಿದ್ದರೆ ಗಾಳಾದ ಒಡೆಯರನ್ನು ಭೇಟಿಯಾಗಿ; ಬಾಡಿಗೆ ಕರಾರಿನಲ್ಲಿ ತಯಾರಕರ ಮನೆಯ ವಿಳಾಸ ಸಾಮಾನ್ಯವಾಗಿ ಇರುತ್ತದೆ. ಅರ್ಧ ಮುಗಿದ ನಿಮ್ಮ ಕಪಾಟು ಒಳಗೆ ಕಣ್ಣಿಗೆ ಬಿದ್ದರೂ ಕಾವಲುಗಾರನಿಗೆ ಚಹಾಪಾನಿ ಕೊಟ್ಟು ಹೊರಗೆ ಸಾಗಿಸಬೇಡಿ, ಕಳ್ಳತನದ ದೂರು ನಿಮ್ಮ ಮೇಲೆಯೇ ಬಂದೀತು.

ಕಾರ್ಡಿನಲ್ಲಿ ಹಣ ಕೊಟ್ಟಿದ್ದರೆ ಅದೇ ದಿನ ಬ್ಯಾಂಕಿಗೆ ‘ಚಾರ್ಜ್‌ಬ್ಯಾಕ್’ (ಕಾರ್ಡಿನ ಪಾವತಿಯನ್ನು ಹಿಂದಿರುಗಿಸುವುದು) ಕೋರಿ ಬರೆಯಿರಿ. ಸಾಮಾನು ತಲುಪಬೇಕಿದ್ದ ದಿನದಿಂದ ಸುಮಾರು 120 ದಿನಗಳೊಳಗೆ ಕೇಳಬೇಕೆಂಬುದು ಕಾರ್ಡ್ ಸಂಸ್ಥೆಗಳ ಸಾಮಾನ್ಯ ನಿಯಮ. ‘ಮುಂದಿನ ವಾರ ಖಂಡಿತ ಕೊಡ್ತೇನೆ’ ಎಂಬ ಮಾತನ್ನು ನಂಬಿ ಕೂತವರ ಗಡುವು ಹೀಗೆಯೇ ಮೀರುವುದು. ಮಾಲೀಕರ ಖಾಸಗಿ ಖಾತೆಗೆ ಯುಪಿಐ ಮಾಡಿದ್ದರೆ ಈ ದಾರಿಯಿಂದ ಹಣ ಮರಳುವ ಆಸೆ ಕಡಿಮೆ, ಆದರೆ ಹಣ ಯಾರ ಹೆಸರಿಗೆ ಹೋಯಿತೆಂಬುದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಗಟ್ಟಿ ಸಾಕ್ಷಿ. ನಗದು ಕೊಟ್ಟು ಚೀಟಿಯನ್ನೂ ಪಡೆಯದವರಿಗೆ ಉಳಿಯುವುದು ವಾಟ್ಸಾಪ್ ಮಾತುಕತೆಯೊಂದೇ.

ಆ ಮಾತುಕತೆಯನ್ನು ಅಳಿಸಬೇಡಿ, ಫೋನನ್ನೂ ಬದಲಾಯಿಸಬೇಡಿ. ಅದರ ಮುದ್ರಿತ ಪ್ರತಿಯ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಮಹಾರಾಷ್ಟ್ರ, ಗೋವೆಯ ಗ್ರಾಹಕ ಆಯೋಗಗಳ ಮುಂದೆ ಕನ್ನಡದ ಮಾತುಕತೆ ಹಾಗೆಯೇ ನಡೆಯದು. ಊರಿನವನೇ ಎಂಬ ಭರವಸೆಯಲ್ಲಿ ಕನ್ನಡದಲ್ಲಿ ಬರೆದುಕೊಂಡ ಕರಾರಿಗೂ ಇಂಗ್ಲಿಷ್ ಅಥವಾ ಮರಾಠಿ ಅನುವಾದ ಲಗತ್ತಿಸಬೇಕು.

ಮುಂದಿನ ಹೆಜ್ಜೆ ನೋಟಿಸ್. ಕೊಟ್ಟ ದಿನಾಂಕ, ಮೊತ್ತ, ಒಪ್ಪಿದ ಗಡುವು, ಹಣ ಹಿಂತಿರುಗಿಸಲು 15 ದಿನಗಳ ಅವಕಾಶ, ಇಷ್ಟಿದ್ದರೆ ಸಾಕು. ಬೈಗುಳ, ಬೆದರಿಕೆ ಬೇಡ. ಕಾರ್ಖಾನೆ, ಮನೆ, ಇಮೇಲ್ ಮೂರಕ್ಕೂ ಕಳುಹಿಸಿ. ಅಂಚೆಯಣ್ಣ ‘ಲೆಫ್ಟ್’ (ಬಿಟ್ಟು ಹೋಗಿದ್ದಾರೆ) ಎಂದು ಗೀಚಿ ಮರಳಿಸಿದ ಲಕೋಟೆಯನ್ನು ಒಡೆಯದೆ ಇಟ್ಟುಕೊಳ್ಳಿ, ಏಕೆಂದರೆ ನೀವು ತಿಳಿದ ವಿಳಾಸಕ್ಕೆಲ್ಲ ಬರೆದಿರಿ ಎಂಬುದಕ್ಕೆ ಅದೇ ಪುರಾವೆ. ಜೊತೆಗೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ದೂರು ಕೊಡಬಹುದು. ಅದಕ್ಕೆ ಆದೇಶ ಹೊರಡಿಸುವ ಅಧಿಕಾರವಿಲ್ಲ. ಇನ್ನೂ ಫೋನ್ ಎತ್ತುತ್ತಿರುವ ಮಾಲೀಕರನ್ನು ಅಲುಗಾಡಿಸಲು ಅದು ಉಪಯುಕ್ತ.

ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದು. ಡೊಂಬಿವಲಿಯಲ್ಲಿರುವವರು ಪುಣೆಯ ತಯಾರಕರ ಮೇಲೆ ಠಾಣೆ ಜಿಲ್ಲೆಯಲ್ಲೇ ಹೂಡಿದರೆ ನಡೆಯುತ್ತದೆ. ಗೋವೆಯಲ್ಲಿ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಆಯೋಗವಿದೆ. ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು, 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಕಾಲಮಿತಿ ಎರಡು ವರ್ಷ. ವಕೀಲರಿಲ್ಲದೆ ನೀವೇ ವಾದಿಸಬಹುದು, ಆನ್‌ಲೈನ್ ಮೂಲಕವೂ ಹೂಡಬಹುದು. ಮಾಲೀಕರು ಯಂತ್ರಗಳನ್ನು ಮಾರುತ್ತಿದ್ದಾರೆಂಬ ಸುಳಿವಿದ್ದರೆ ಮಾರಾಟ ತಡೆಯುವ ಮಧ್ಯಂತರ ಆದೇಶವನ್ನು ಮೊದಲ ದಿನವೇ ಕೋರಬೇಕು.

ಹೋಟೆಲಿನವರಿಗೆ ಇಲ್ಲೊಂದು ತೊಡಕು. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ‘ಗ್ರಾಹಕ’ರಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡದ್ದಾದರೆ ವಿನಾಯಿತಿ ಇದೆ. ಗಲ್ಲಾಪೆಟ್ಟಿಗೆಯಲ್ಲೂ ಒಲೆಯ ಮುಂದೆಯೂ ತಾವೇ ನಿಲ್ಲುವ ಮಾಲೀಕರು ಈ ವಿನಾಯಿತಿಯನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯಬೇಕು. ನಾಲ್ಕು ಶಾಖೆಗಳಿರುವವರು ಸಿವಿಲ್ ದಾವೆಗೆ ಹೋಗುವುದೇ ಸರಿ, ಅದಕ್ಕೆ ಮೂರು ವರ್ಷಗಳ ಅವಧಿಯಿದೆ. ಎಂಎಸ್‌ಎಂಇ ‘ಸಮಾಧಾನ್’ ವ್ಯವಸ್ಥೆಗೆ ಅರ್ಜಿ ಹಾಕಿ ಎಂದು ಸಲಹೆ ಕೊಡುವವರಿದ್ದಾರೆ. ಅದು ಸಾಮಾನು ಪೂರೈಸಿ ಹಣ ಬಾರದ ಸಣ್ಣ ಉದ್ದಿಮೆಗಳಿಗೆ, ಮುಂಗಡ ಕೊಟ್ಟ ಕೊಳ್ಳುಗರಿಗಲ್ಲ.

ತಯಾರಕರು ಕಂಪನಿಯಾಗಿದ್ದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅದರ ಸ್ಥಿತಿಯನ್ನು ಆಗಾಗ ನೋಡುತ್ತಿರಿ. ಹೆಸರನ್ನು ನೋಂದಣಿಯಿಂದ ತೆಗೆಯುವ ಸೂಚನೆ ಬಂದಿದ್ದರೆ 30 ದಿನಗಳೊಳಗೆ ಕಂಪನಿಗಳ ರಿಜಿಸ್ಟ್ರಾರ್‌ಗೆ ಆಕ್ಷೇಪ ಬರೆಯಬಹುದು. ತೆಗೆದೇ ಬಿಟ್ಟಿದ್ದರೂ ಕಂಪನಿಯಿಂದ ಹಣ ಬರಬೇಕಾದವರ ಅರ್ಜಿಯ ಮೇಲೆ ಎನ್‌ಸಿಎಲ್‌ಟಿ ಅದನ್ನು ಮತ್ತೆ ಸೇರಿಸಬಲ್ಲದು. ದಿವಾಳಿ ಪ್ರಕ್ರಿಯೆ ಆರಂಭವಾಗಿ ತಡೆಯಾಜ್ಞೆ ಜಾರಿಯಾದ ಮೇಲೆ ಕಂಪನಿಯ ವಿರುದ್ಧದ ದಾವೆ, ವಸೂಲಿ ಎಲ್ಲ ನಿಲ್ಲುತ್ತವೆ. ಆಗ ಉಳಿಯುವುದು ರೆಸಲ್ಯೂಷನ್ ಪ್ರೊಫೆಷನಲ್ ಬಳಿ ‘ಫಾರ್ಮ್ ಬಿ’ಯಲ್ಲಿ ಕ್ಲೇಮು ಸಲ್ಲಿಸುವುದು. ಸಾಮಾನಿಗೆ ಕೊಟ್ಟ ಮುಂಗಡವೂ ಇಲ್ಲಿ ಸಾಲವೇ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಇದಕ್ಕೆ ಶುಲ್ಕವಿಲ್ಲ, ಕೊನೆಯ ದಿನಾಂಕ ಪತ್ರಿಕಾ ಪ್ರಕಟಣೆಯಲ್ಲೇ ಇರುತ್ತದೆ. ಕಂಪನಿ ಮಾರಾಟಕ್ಕೆ ಬಂದರೆ ಕಾರ್ಮಿಕರು, ಬ್ಯಾಂಕು, ನೌಕರರು, ಸರ್ಕಾರ ಎಲ್ಲರ ನಂತರ ನಿಮ್ಮ ಸರದಿ, ಆದ್ದರಿಂದ ದೊಡ್ಡ ನಿರೀಕ್ಷೆ ಬೇಡ. ಮಾಲೀಕರು ಕೈಗೆ ಸಿಗುತ್ತಿರುವ ಮೊದಲ ವಾರಗಳಲ್ಲೇ ಓಡಾಡಬೇಕು ಎನ್ನುವುದು ಇದಕ್ಕಾಗಿಯೇ.

ಪೊಲೀಸರ ವಿಷಯ. ವ್ಯಾಪಾರ ನಷ್ಟವಾಗಿ ಮುಚ್ಚಿದ್ದು ಅಪರಾಧವಲ್ಲ. ಹಣ ಪಡೆಯುವಾಗಲೇ ಕೊಡುವ ಉದ್ದೇಶವಿರಲಿಲ್ಲ ಎಂದು ತೋರಿಸಿದರೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನ ವಂಚನೆ. ಬೀಗ ಹಾಕುವ ಹಿಂದಿನ ವಾರದವರೆಗೂ ಹೊಸ ಗಿರಾಕಿಗಳಿಂದ ಮುಂಗಡ ಎತ್ತಿದ್ದರೆ, ಅದೇ ಯಂತ್ರಗಳು ಬೇರೆ ಹೆಸರಿನ ಶೆಡ್ಡಿನಲ್ಲಿ ಓಡುತ್ತಿದ್ದರೆ, ಮೋಸ ಹೋದವರೆಲ್ಲ ಸೇರಿ ದೂರು ಕೊಟ್ಟಾಗ ಅದಕ್ಕೆ ತೂಕ ಬರುತ್ತದೆ.

ಮಾಲೀಕರು ಕಂತುಗಳಲ್ಲಿ ಕೊಡುತ್ತೇನೆಂದು ಮುಂದೆ ಬಂದರೆ ಒಪ್ಪಿಕೊಳ್ಳಿ, ಆದರೆ ಬರಹದಲ್ಲಿ, ಮುಂದಿನ ದಿನಾಂಕದ ಚೆಕ್ಕುಗಳೊಂದಿಗೆ. ಚೆಕ್ಕು ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಬಂದ 30 ದಿನಗಳಲ್ಲಿ ನೋಟಿಸ್ ಕೊಡಬೇಕು. ಅದು ತಲುಪಿದ 15 ದಿನಗಳಲ್ಲಿ ಹಣ ಬಾರದಿದ್ದರೆ ಮುಂದಿನ ಒಂದು ತಿಂಗಳೊಳಗೆ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಕಲಮಿನಡಿ ಮೊಕದ್ದಮೆ ಹೂಡಬೇಕು. ದೂರು ಆಗಲೇ ಆಯೋಗದ ಮುಂದಿದ್ದರೆ ರಾಜಿಯನ್ನು ಅಲ್ಲಿಯೇ ದಾಖಲಿಸಿ, ಕೊನೆಯ ಕಂತು ಖಾತೆಗೆ ಬೀಳುವವರೆಗೆ ದೂರನ್ನು ಹಿಂದಕ್ಕೆ ಪಡೆಯಬೇಡಿ.