ಆಫರ್ ಲೆಟರ್‌ಗೆ ಸಹಿ ಹಾಕುವ ಮುನ್ನ ಓದುವುದು ಹೇಗೆ?

ಕ್ಯಾಂಪಸ್ ಸಂದರ್ಶನ ಮುಗಿದು ಮೊದಲ ಆಫರ್ ಲೆಟರ್ ಬಂದಾಗ ಬಹುತೇಕ ವಿದ್ಯಾರ್ಥಿಗಳ ಕಣ್ಣು ಹೋಗುವುದು ಒಂದೇ ಅಂಕಿಯ ಮೇಲೆ: ವಾರ್ಷಿಕ ಪ್ಯಾಕೇಜ್, ಅಂದರೆ ಸಿಟಿಸಿ. ಒಬ್ಬ ನೌಕರನಿಗಾಗಿ ಕಂಪನಿ ವರ್ಷವಿಡೀ ಮಾಡುವ ಒಟ್ಟು ವೆಚ್ಚ ಅದು. 12ರಿಂದ ಭಾಗಿಸಿದ ಮಾತ್ರಕ್ಕೆ ತಿಂಗಳ ಸಂಬಳವಾಗುವುದಿಲ್ಲ. ಪಿ.ಜಿ. ಬಾಡಿಗೆಯನ್ನೂ ಶಿಕ್ಷಣ ಸಾಲದ ಕಂತನ್ನೂ ಕಟ್ಟಬೇಕಾಗಿರುವುದು ಖಾತೆಗೆ ಜಮೆಯಾಗುವ ಹಣದಿಂದ.

ಮೊದಲು ಪತ್ರ ಅಸಲಿಯೇ ಎಂದು ನೋಡಿಕೊಳ್ಳಿ. ಅದು ಕಂಪನಿಯ ಸ್ವಂತ ಇಮೇಲ್ ವಿಳಾಸದಿಂದ ಬಂದಿರಬೇಕು. ಲ್ಯಾಪ್‌ಟಾಪ್ ಠೇವಣಿ, ತರಬೇತಿ ಶುಲ್ಕ ಎಂದು ಮುಂಗಡವಾಗಿ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ಎರಡನೆಯದಾಗಿ, ಪತ್ರದ ಕೊನೆಯಲ್ಲಿರುವ ಸಂಬಳದ ಅನುಬಂಧವನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿ. ಪ್ಯಾಕೇಜ್ 4.2 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ, ತಿಂಗಳಿಗೆ 35,000. ಇದರಲ್ಲಿ ವರ್ಷಕ್ಕೆ 36,000 ರೂಪಾಯಿ ವೇರಿಯಬಲ್ ಪೇ ಎಂದಿದ್ದರೆ, ಅದು ನಿಮ್ಮ ಕೆಲಸ ಮತ್ತು ಕಂಪನಿಯ ಲಾಭವನ್ನು ನೋಡಿ ಕೊಡುವ ಹಣವಾದ್ದರಿಂದ, ತಿಂಗಳಿಗೆ 3,000 ತೆಗೆದುಬಿಡಿ. ಮೂಲ ವೇತನ 16,000 ಇದ್ದು, ಕಂಪನಿಯು ಭವಿಷ್ಯ ನಿಧಿಯನ್ನು (ಪಿಎಫ್) 15,000ದ ವೇತನ ಮಿತಿಯಲ್ಲೇ ಲೆಕ್ಕ ಹಾಕುವುದಾದರೆ ಅದರ ಪಾಲು ಶೇ 12, ಅಂದರೆ 1,800. ಕೆಲಸ ಬಿಡುವಾಗ ಸೇವಾವಧಿಗೆ ತಕ್ಕಂತೆ ಕೊಡುವ ಗ್ರಾಚ್ಯುಟಿಗೆಂದು ಮೂಲ ವೇತನದ ಶೇ 4.81, ಸುಮಾರು 770. ಆರೋಗ್ಯ ವಿಮೆಯ ಕಂತು 430 ಎಂದು ಹಿಡಿದರೆ, ಪ್ಯಾಕೇಜ್‌ನಲ್ಲೇ ಸೇರಿಸಿರುವ ಈ ಮೂರಕ್ಕೆ ಮತ್ತೆ 3,000 ಹೋಗಿ 29,000 ಉಳಿಯಿತು. ಇದರಿಂದ ನಿಮ್ಮ ಪಾಲಿನ ಪಿಎಫ್ 1,800 ಹಾಗೂ ಕರ್ನಾಟಕದ ವೃತ್ತಿ ತೆರಿಗೆ 200 ಕಡಿತವಾಗಿ ಕೈಗೆ ಬರುವುದು 27,000.

ಪಿಎಫ್ ಹಣ ಎಲ್ಲಿಗೂ ಹೋಗುವುದಿಲ್ಲ, ಅದು ನಿಮ್ಮದೇ ಉಳಿತಾಯ. ಗ್ರಾಚ್ಯುಟಿಯ ಮಾತು ಬೇರೆ. ಕಾಯಂ ನೌಕರರಿಗೆ ಅದು ಸಾಮಾನ್ಯವಾಗಿ 5 ವರ್ಷದ ಸೇವೆಯ ನಂತರವೇ ಸಿಗುವುದರಿಂದ, ಎರಡು ವರ್ಷಕ್ಕೆ ಕೆಲಸ ಬದಲಿಸುವ ಯೋಚನೆಯುಳ್ಳವರು ಅದನ್ನು ಸಂಬಳವೆಂದು ಎಣಿಸದಿರುವುದೇ ಲೇಸು. ಎರಡು ಕಂಪನಿಗಳಿಂದ ಆಫರ್ ಬಂದಿದ್ದರೆ ಎರಡಕ್ಕೂ ಇದೇ ರೀತಿ ಲೆಕ್ಕ ಮಾಡಿ ನೋಡಿ. ದೊಡ್ಡ ಪ್ಯಾಕೇಜ್‌ನಲ್ಲಿ ಕೈಗೆ ಬರುವ ಹಣ ಕಡಿಮೆಯಿರುವುದೂ ಉಂಟು.

ಮೂರನೆಯದು ಬಾಂಡ್, ಅಂದರೆ ನಿಗದಿತ ಅವಧಿಗೆ ಮುನ್ನ ಕೆಲಸ ಬಿಟ್ಟರೆ ಇಂತಿಷ್ಟು ಹಣ ಕಟ್ಟುತ್ತೇನೆಂಬ ಒಪ್ಪಂದ. "ಅದೆಲ್ಲ ಕೋರ್ಟಿನಲ್ಲಿ ನಿಲ್ಲಲ್ಲ ಬಿಡಪ್ಪ" ಎಂದು ಸೀನಿಯರ್‌ಗಳು ಧೈರ್ಯ ತುಂಬುವುದುಂಟು. ಆ ಮಾತನ್ನು ನಂಬಿ ಸಹಿ ಹಾಕಬೇಡಿ. ಮೂರು ವರ್ಷಕ್ಕೆ ಮುನ್ನ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ವಿಜಯಾ ಬ್ಯಾಂಕ್‌ನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಸಾರ್ವಜನಿಕ ವಲಯದ ಬ್ಯಾಂಕಿನ ನೇಮಕಾತಿಗೆ ತಗಲುವ ಖರ್ಚು ಮತ್ತು ಶ್ರಮವನ್ನು ಗಮನದಲ್ಲಿಟ್ಟು ಕೊಟ್ಟ ತೀರ್ಪಾದ್ದರಿಂದ ಎಲ್ಲ ಬಾಂಡ್‌ಗಳೂ ಸಿಂಧುವೆಂದು ಅದರಿಂದ ಅರ್ಥವಾಗದು. ಆದರೆ ಯಾವುದೂ ನಿಲ್ಲುವುದಿಲ್ಲವೆಂಬ ವಾದಕ್ಕಂತೂ ಈಗ ಬಲವಿಲ್ಲ. ಮೊತ್ತ ಎಷ್ಟು, ಅವಧಿ ಯಾವ ದಿನದಿಂದ ಆರಂಭ, ದಿನ ಕಳೆದಂತೆ ಮೊತ್ತ ಇಳಿಯುತ್ತದೆಯೇ ಎಂದು ನೋಡಿ. ಮೂಲ ಅಂಕಪಟ್ಟಿಗಳನ್ನು ಒತ್ತೆಯಿಡಲು ಕೇಳಿದರೆ ಕೊಡಬೇಡಿ, ಪರಿಶೀಲನೆಗೆ ತೋರಿಸಿ ವಾಪಸ್ ತನ್ನಿ.

ನೋಟಿಸ್ ಅವಧಿ ಎರಡೂ ಕಡೆಗೆ ಒಂದೇ ಆಗಿದೆಯೇ ಎಂಬುದನ್ನೂ ಗಮನಿಸಿ. ನೀವು ಬಿಡುವಾಗ 90 ದಿನ, ಕಂಪನಿ ಬಿಡಿಸುವಾಗ 30 ದಿನ ಎಂದಿದ್ದರೆ ಕಾರಣ ಕೇಳುವುದು ತಪ್ಪಲ್ಲ.

ಇಷ್ಟಾದ ಮೇಲೂ ಉಳಿದ ಸಂದೇಹಗಳನ್ನು ಒಟ್ಟುಗೂಡಿಸಿ ಎಚ್.ಆರ್. ವಿಭಾಗಕ್ಕೆ ಒಂದೇ ಮೇಲ್‌ನಲ್ಲಿ ವಿನಯದಿಂದ ಕೇಳಿ. ಉತ್ತರ ಫೋನಿನಲ್ಲಿ ಬಂದರೆ, ಮಾತನಾಡಿದ್ದನ್ನು ಅಂದೇ ಮೇಲ್‌ನಲ್ಲಿ ಬರೆದು ಕಳುಹಿಸಿ, ಅವರ ಒಪ್ಪಿಗೆಯ ಮರುತ್ತರ ಬಂದ ನಂತರ ಸಹಿ ಹಾಕಿ.